ಎರಡು ತಾಲ್ಲೂಕಿನ ಗಡಿ ಮತ್ತು ನನ್ನ ಒಗೆಯುವ ಕಲ್ಲು

ನಡೆದದ್ದು ಇಷ್ಟೇ. ಹುಣಸೂರು ತಾಲ್ಲೂಕಿಗೂ ಪಿರಿಯಾಪಟ್ಟಣ ತಾಲ್ಲೂಕಿಗೂ ನಡುವಿನ ಗಡಿಯ ಮೇಲೆ ನಾನು ನಲವತ್ತೆರಡು ವರ್ಷ ಬಟ್ಟೆ ಒಗೆದಿದ್ದೇನೆ. ಸೋಪು ಹಚ್ಚಿ, ಎತ್ತಿ ಕುಕ್ಕಿ, ಒಗೆದಿದ್ದೇನೆ. ಮಿಕ್ಕಿದ್ದೆಲ್ಲ ಗಲಾಟೆ. ಗಲಾಟೆ ಮಾಡಿದವಳೂ ನಾನೇ.

ಊರಿನಲ್ಲಿ ಈ ಕಥೆಗೆ ಈಗ ಕೈಕಾಲು ಬಂದಿವೆ. ಕಲ್ಲಿನ ಕೆಳಗೆ ನಿಧಿ ಇತ್ತಂತೆ ಎಂದು ಒಬ್ಬರು, ನಾನು ಕಲ್ಲನ್ನು ಮೈಸೂರಿನವರಿಗೆ ಮಾರಲು ಹೊರಟಿದ್ದೆನಂತೆ ಎಂದು ಇನ್ನೊಬ್ಬರು. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿನಲ್ಲಿ ಸ್ಲೇಟು ಬಿಟ್ಟು ಎಮ್ಮೆ ಹಿಂದೆ ಹೋದವಳು ನಾನು. ಕಾಗುಣಿತದ ತಪ್ಪನ್ನು ಮೊಮ್ಮಗಳು ತಿದ್ದಿದ್ದಾಳೆ. ನಡತೆಯ ತಪ್ಪನ್ನು ತಿದ್ದುವುದು ಅವಳ ಕೈಲೂ ಆಗಲಿಲ್ಲ.

ಮೊಮ್ಮಗಳು ಎಂದರೆ ಚೈತ್ರ, ನನ್ನ ದೊಡ್ಡ ಮಗನ ಮಗಳು. ಹುಣಸೂರಿನ ಕಾಲೇಜಿನಲ್ಲಿ ಡಿಗ್ರಿ ಕೊನೇ ವರ್ಷ. ಬೆಳಗ್ಗೆ ಬಸ್ಸಿಗೆ ಹೋದರೆ ಸಾಯಂಕಾಲ ಬಸ್ಸಿಗೆ ಬರುತ್ತಾಳೆ. ಬಂದವಳು ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದುತ್ತಾಳೆ. ನಾನು ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತೇನೆ. ಈ ವರ್ಷ ಅವಳು ಓದುತ್ತಿದ್ದದ್ದು ರಾಜಕೀಯ ಭೂಗೋಳ. ರಾಜಕೀಯ ಎಂದರೆ ಎಲೆಕ್ಷನ್ನು, ಭೂಗೋಳ ಎಂದರೆ ಉಂಡೆ. ಎರಡೂ ಸೇರಿದರೆ ಏನಾಗುತ್ತದೋ ನನಗೆ ಗೊತ್ತಿರಲಿಲ್ಲ. ಜಗಳವಾಗುತ್ತದೆ. ಈಗ ಗೊತ್ತಾಗಿದೆ.

"ಅಜ್ಜಿ, ಸಮುದ್ರಾನೇ ಇಲ್ಲದ ದೇಶಗಳಿವೆ ಗೊತ್ತಾ? ಸುತ್ತ ಬೇರೆಯವರ ನೆಲ. ಅವರು ದಾರಿ ಬಿಟ್ರೆ ಉಂಟು, ಇಲ್ಲಾಂದ್ರೆ ಇಲ್ಲ."

"ಅದೇನ್ ಮಗಾ ದೊಡ್ಡ ಇಸ್ಯ? ನಮ್ಮ ಪುಟ್ಟತಾಯಿ ಹೊಲ ಅಂಗೇ ಅಲ್ವಾ? ಸುತ್ತ ನಾಕ್ ಜನದ ಹೊಲ. ಗಾಡಿ ಓಗ್ಬೇಕು ಅಂದ್ರೆ ನಾಕೂ ಜನದ ಮುಖ ನೋಡ್ಕಂಡು ನಗ್ಬೇಕು."

"ಎರಡು ದೊಡ್ಡ ದೇಶ ಮುಖಾಮುಖಿ ಜಗಳ ಆಡದ ಹಾಗೆ ಮಧ್ಯ ಒಂದು ಸಣ್ಣ ದೇಶ ಇರುತ್ತೆ."

"ಅದೂ ಗೊತ್ತು ಬುಡು. ನಿಮ್ಮವ್ವಂಗೂ ನಿಮ್ಮ ಚಿಕ್ಕವ್ವಂಗೂ ಮಧ್ಯ ಇಪ್ಪತ್ತು ವರ್ಸದಿಂದ ನಾನಿಲ್ವಾ?"

ಹೀಗೇ ಒಂದು ವಾರ ನಡೆಯಿತು. ದೊಡ್ಡ ದೊಡ್ಡ ದೇಶಗಳೆಲ್ಲ ನಮ್ಮ ಬೀದಿಯವರಂತೆಯೇ ಬದುಕುತ್ತಿವೆ ಎಂದು ನನಗೆ ಖಾತ್ರಿಯಾಯಿತು. ಈ ವಿದ್ಯೆ ನನಗೆ ಹುಟ್ಟಿದಾಗಿನಿಂದಲೇ ಬರುತ್ತಿತ್ತು, ಹೆಸರು ಮಾತ್ರ ಗೊತ್ತಿರಲಿಲ್ಲ ಎಂಬ ತೀರ್ಮಾನಕ್ಕೆ ಬಂದೆ. ಅನಾಹುತ ಶುರುವಾದದ್ದು ಆ ತೀರ್ಮಾನದಿಂದ.

ಚೈತ್ರ ಒಂದು ಪ್ರಾಜೆಕ್ಟ್ ಬರೆಯಬೇಕಿತ್ತು. ವಿಷಯ, ಗಡಿ. ಅದರ ಮಾರ್ಕ್ಸ್ ಚೆನ್ನಾಗಿ ಬಂದರೆ ಫಸ್ಟ್ ಕ್ಲಾಸು. ಫಸ್ಟ್ ಕ್ಲಾಸು ಬಂದರೆ ಮೈಸೂರಿಗೆ ಎಂ.ಎ. ಓದಲು ಕಳಿಸುತ್ತೇನೆಂದು ಅವಳಪ್ಪ ಮಾತು ಕೊಟ್ಟಿದ್ದ. ಬರದಿದ್ದರೆ ಓದಿದ್ದು ಸಾಕು ಎಂದೂ ಹೇಳಿದ್ದ. ನನ್ನ ಮಗ ಒಳ್ಳೆಯ ಮಾತನ್ನು ಮರೆಯುತ್ತಾನೆ, ಕೆಟ್ಟ ಮಾತನ್ನು ಮರೆಯುವುದಿಲ್ಲ. ಹಾಗಾಗಿ ಆ ಹುಡುಗಿಗೆ ಈ ಪ್ರಾಜೆಕ್ಟು ಮೈಸೂರಿನ ಬಸ್ಸಿದ್ದ ಹಾಗೆ. ಹತ್ತಿದರೆ ಹತ್ತಿದಳು, ತಪ್ಪಿದರೆ ತಪ್ಪಿತು.

ಪಾಪ, ಅವಳು ಎಲ್ಲೋ ಮಂಜು ಬೀಳುವ ಕಡೆಯ ಎರಡು ದೇಶಗಳ ಗಡಿ ಆರಿಸಿಕೊಂಡು, ಫೋನಿನಲ್ಲಿ ನೋಡಿ ನೋಡಿ ಅರ್ಧ ಬರೆದೂ ಆಗಿತ್ತು. ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ನಾನು ಬಿಡಲಿಲ್ಲ.

"ಕಾಣದ ದೇಸದ ಗಡಿ ಬಗ್ಗೆ ಏನ್ ಬರೀತಿಯೇ? ನಿನ್ ಕಾಲ್ ಬುಡದಲ್ಲೇ ಗಡಿ ಅದೆ. ಹಳ್ಳದ ದಿಣ್ಣೆ ಮ್ಯಾಲೆ ನಿಂತ್ಕಂಡ್ರೆ ಈ ಕಡೆ ನಮ್ಮೂರು, ಹುಣಸೂರು ತಾಲ್ಲೂಕು. ಆ ಕಡೆ ಮಾರಗೌಡನಕೊಪ್ಪಲು, ಪಿರಿಯಾಪಟ್ಟಣ ತಾಲ್ಲೂಕು. ಮಧ್ಯ ಎದೆ ಮಟ್ಟ ಕಲ್ಲು. ಕಲ್ಲಿನ ಮ್ಯಾಲೆ ಸೂರ್ಯ, ಚಂದ್ರ. ರಾಜರ ಕಾಲದ್ದು!"

"ನೀನು ನೋಡಿದ್ದೀಯಾ ಅಜ್ಜಿ?"

"ನೋಡಿದ್ದೀನಾ? ಮದುವೆ ಆಗಿ ಬಂದ ದಿನ ಗಾಡಿ ಅಲ್ಲೇ ನಿಲ್ಸಿ, ಅದೇ ಕಲ್ಲಿಗೆ ತೆಂಗಿನಕಾಯಿ ಒಡೆದು, ನನ್ನ ತವರೋರು ಅಲ್ಲಿಂದಲೇ ವಾಪಸ್ ಓದ್ರು. ಅತ್ತು ಅತ್ತು ಆ ಸೂರ್ಯಚಂದ್ರನ್ನ ಅಷ್ಟೊತ್ತು ನೋಡಿದ್ದೀನಿ ಕಣೇ!"

ಇದು ಸುಳ್ಳಲ್ಲ. ಕೊಪ್ಪಲು ನನ್ನ ತವರು. ಆದರೆ ಆ ಕಲ್ಲನ್ನು ನಾನು ನೋಡಿದ್ದು ಅದೇ ಮೊದಲು, ಅದೇ ಕೊನೆ. ಆಮೇಲೆ ರಸ್ತೆ ಬಂತು, ಬಸ್ಸು ಬಂತು, ಆ ಗಾಡಿದಾರಿಗೆ ಲಂಟಾನ ಬೆಳೆಯಿತು. ಈ ಸಣ್ಣ ವಿಷಯವನ್ನು ನಾನು ಮೊಮ್ಮಗಳಿಗೆ ಹೇಳುವ ಅಗತ್ಯ ಕಾಣಲಿಲ್ಲ.

ನಮ್ಮ ಯಜಮಾನರು ಕಂಬಕ್ಕೆ ಒರಗಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. "ಲೇ, ಆ ಕಲ್ಲು ಅಂದ್ರೆ..." ಎಂದರು.

"ನೀವು ಸುಮ್ಕಿರಿ. ನಾನು ಓದಿನ ಇಸ್ಯ ಮಾತಾಡ್ತಾ ಇವ್ನಿ."

ಅವರು ಸುಮ್ಮನಾದರು. ಮದುವೆಯಾದಾಗಿನಿಂದ ಅವರಿಗೆ ಅದೊಂದು ಅಭ್ಯಾಸ. ಒಳ್ಳೆಯದೆಂದೇ ತಿಳಿದುಕೊಂಡಿದ್ದೆ!

ಚೈತ್ರ ಮಂಜಿನ ದೇಶ ಬಿಟ್ಟು ನನ್ನ ಕಲ್ಲನ್ನು ಬರೆದಳು. ನಾನು ಹೇಳಿದ್ದು, ಅವಳು ಬರೆದದ್ದು, ಹದಿನಾಲ್ಕು ಪುಟ. ಅವಳ ಮೇಡಂ ಕೆ.ಆರ್. ನಗರದವರು, ವಯಸ್ಸಿನಲ್ಲಿ ಚಿಕ್ಕವರು, ಭೂಗೋಳ ಅಂದರೆ ಪ್ರಾಣ. ಓದಿ ಹಿಗ್ಗಿದರಂತೆ. "ಎಲ್ಲರೂ ಫೋನ್ ನೋಡಿ ಬರೆದಿದ್ದಾರೆ, ನೀನೊಬ್ಬಳೇ ನೆಲ ನೋಡಿ ಬರೆದಿದ್ದೀಯ. ಗುರುವಾರ ನಾನೇ ಬರ್ತೀನಿ. ಕಲ್ಲು ನೋಡಿ, ಫೋಟೊ ತೆಗೆದು, ಅಲ್ಲೇ ಮಾರ್ಕ್ಸ್ ಹಾಕ್ತೀನಿ" ಎಂದರಂತೆ.

ಚೈತ್ರನ ಮುಖ ಬಿಳಿಚಿಕೊಂಡಿತು. "ಅಜ್ಜಿ, ಒಂದ್ಸಲ ನಾವೇ ಹೋಗಿ ನೋಡ್ಕೊಂಡು ಬರೋಣ್ವಾ?"

"ಕಲ್ಲಿಗೇನು ಕಾಲ್ ಅದಾವಾ ಎದ್ದೋಗಕ್ಕೆ?" ಎಂದೆ.

ಯಜಮಾನರು ಕೆಮ್ಮಿದರು. "ಅಮ್ಮಿ, ಆ ಕಲ್ಲು..."

"ಕೆಮ್ಮಿಗೆ ಮೆಣಸಿನ ಕಷಾಯ ಕಾಯಿಸ್ತೀನಿ, ಕುಂತ್ಕಳಿ."

ಕಾಯಿಸಿಯೂ ಕೊಟ್ಟೆ. ಕುಡಿದು ಸುಮ್ಮನಾದರು.

ಬುಧವಾರ ಹಿತ್ತಿಲಿನಲ್ಲಿ ಮನೆಯ ಬಟ್ಟೆಯನ್ನೆಲ್ಲ ಹಾಕಿಕೊಂಡು ಒಗೆದೆ. ಮೇಡಂ ಬರುತ್ತಾರೆಂದರೆ ಮನೆ ಗಂಡಸರ ಪಂಚೆ ಬೆಳ್ಳಗಿರಬೇಕು. ನನ್ನ ಒಗೆಯುವ ಕಲ್ಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಂಥ ಕಲ್ಲು ನಮ್ಮೂರಿನಲ್ಲಿ ಇನ್ನೊಂದಿಲ್ಲ. ಆಳುದ್ದ, ಮೊಳ ಅಗಲ, ಬೆಣ್ಣೆಯ ಹಾಗೆ ನುಣುಪು. ನಾನು ಮದುವೆಯಾಗಿ ಬಂದಾಗ ಈ ಮನೆಯಲ್ಲಿದ್ದದ್ದು ಅಲ್ಲಾಡುವ ಒಂದು ಮೂರುಕಾಸಿನ ಚಪ್ಪಡಿ. "ಒಂದ್ ನೆಟ್ಟಗಿರೋ ಕಲ್ಲು ತರೋಗಂಟ ನಿಮ್ ಪಂಚೆ ಮುಟ್ಟಾಕಿಲ್ಲ" ಎಂದು ತಿಂಗಳಲ್ಲೇ ಹೇಳಿದ್ದೆ. ಮೂರನೇ ದಿನ ಯಜಮಾನರು ಗಾಡಿಯಲ್ಲಿ ಈ ಕಲ್ಲು ತಂದಿಳಿಸಿದರು. ಎಲ್ಲಿಂದ ಎಂದು ನಾನು ಕೇಳಲಿಲ್ಲ. ತಂದರಲ್ಲ, ಸಾಕು. ಹೋದ ವರ್ಷ ಮಗ ವಾಷಿಂಗ್ ಮಿಷನ್ ತಂದಾಗಲೂ ನಾನು ಅದರೊಳಗೆ ಈರುಳ್ಳಿ ತುಂಬಿಸಿ, ಇದೇ ಕಲ್ಲಿನ ಮೇಲೆ ಒಗೆದವಳು. ಡಬ್ಬದೊಳಗೆ ತಿರುಗಿದ ಬಟ್ಟೆ ಬೆಳ್ಳಗಾಗುತ್ತದೆಯೇ? ತಲೆ ತಿರುಗುತ್ತದೆ, ಅಷ್ಟೇ!

ಗುರುವಾರ ಬಂತು. ಮೇಡಂ ಸ್ಕೂಟರಿನಲ್ಲಿ ಬಂದರು. ನಾನು ಧರ್ಮಸ್ಥಳಕ್ಕೆ ಹೋಗುವಾಗ ಉಡುವ ಸೀರೆ ಉಟ್ಟಿದ್ದೆ. ಸಾಕ್ಷಿಗೆ ಇರಲಿ ಎಂದು ಕೊಪ್ಪಲಿನಿಂದ ನನ್ನ ತಮ್ಮ ಬೋರೇಗೌಡನಿಗೂ ಫೋನ್ ಮಾಡಿಸಿದ್ದೆ. ಅವನು ಒಬ್ಬನೇ ಬರುವ ಆಸಾಮಿಯಲ್ಲ, ಎಂಟು ಜನರನ್ನು ಕರೆತಂದ. ಎಂಟು ಜನ ಬಂದರೆಂದು ನಮ್ಮೂರಿನವರು ಹತ್ತು ಜನ ಬಂದರು. ಒಂದು ಕಲ್ಲು ನೋಡಲು ಇಷ್ಟು ಜನ ಸೇರಿದರಲ್ಲ ಎಂದು ನನಗೆ ಹೆಮ್ಮೆಯೋ ಹೆಮ್ಮೆ.

ದಿಣ್ಣೆ ಹತ್ತಿದೆವು. ಲಂಟಾನ ಸವರಿದರು. ನಾನು ಮುಂದೆ ಹೋಗಿ ಕೈ ನೀಡಿ, "ಇಗೋ ನೋಡಿ ಮೇಡಂ!" ಎಂದೆ.

ಮೇಡಂ ನೋಡಿದರು. ಎಲ್ಲರೂ ನೋಡಿದರು. ಒಂದು ಓತಿಕ್ಯಾತ ನಮ್ಮನ್ನು ನೋಡಿತು. ಕಲ್ಲು ಇರಲಿಲ್ಲ.

"ವಸಿ ಆ ಕಡೆ ಇರ್ಬೇಕು" ಎಂದೆ. ಆ ಕಡೆ ಇರಲಿಲ್ಲ. "ಈ ಕಡೆ." ಇರಲಿಲ್ಲ. "ಮಣ್ಣಲ್ಲಿ ಹೂತೋಗಿರ್ತದೆ, ಅಗೀರ್ಲಾ!" ಎಂದೆ. ನಮ್ಮೂರ ಹುಡುಗರು ಹಾರೆ ತಂದು ಮೂರು ಕಡೆ ಅಗೆದರು. ಮೊದಲನೇ ಗುಂಡಿಯಲ್ಲಿ ಎತ್ತಿನ ಲಾಳ ಸಿಕ್ಕಿತು. ಎರಡನೆಯದರಲ್ಲಿ ಬಾಟಲಿ ಸಿಕ್ಕಿತು. ಮೂರನೆಯದರಲ್ಲಿ ಕೆಂಪಿರುವೆಯ ಗೂಡು ಸಿಕ್ಕಿತು. ಅಗೆದವರು ದಿಣ್ಣೆಯಿಂದ ಇಳಿದ ವೇಗವನ್ನು ಮೇಡಂ ಫೋಟೊ ತೆಗೆದುಕೊಂಡರು.

ಚೈತ್ರ ನನ್ನ ಸೆರಗು ಹಿಡಿದು ಮೆಲ್ಲಗೆ, "ಅಜ್ಜಿ, ಹದಿನಾಲ್ಕು ಪುಟ ಬರೆದಿದ್ದೀನಿ" ಎಂದಳು. ತಪ್ಪು ನನ್ನದೇ ಇರಬಹುದೆಂದು ಆ ದನಿ ಕೇಳಿದಾಗ ಅನ್ನಿಸಿತು. ಹಾಗನ್ನಿಸಿದಾಗಲೆಲ್ಲ ನಾನು ದನಿ ಏರಿಸುತ್ತೇನೆ.

"ಯಜಮಾನ್ರೇ, ನೀವಾದ್ರೂ ಯೋಳಿ! ಇಲ್ಲೇ ಇತ್ತಾ ಇಲ್ವಾ?"

"ಇತ್ತು" ಎಂದರು ಅವರು. "ಆದ್ರೆ..."

"ಕೇಳಿದ್ರಾ ಮೇಡಂ? ಇತ್ತು!"

ಮೇಡಂ ಒಳ್ಳೆಯವರು. ಫೋನಿನಲ್ಲಿ ನಕ್ಷೆ ತೆಗೆದು, ಅದರಲ್ಲಿ ಚುಕ್ಕೆ ಚುಕ್ಕೆ ಗೆರೆ ತೋರಿಸಿ, "ಕಲ್ಲು ಇಲ್ಲದಿದ್ರೂ ಗಡಿ ಇದೆ ಅಜ್ಜಿ. ಇದರ ಪ್ರಕಾರ ಗೆರೆ ಆ ಹೊಂಗೆ ಮರದ ಆಚೆಯಿಂದ ಹೋಗುತ್ತೆ. ಮರ ನಿಮ್ಮೂರಿಗೆ ಸೇರುತ್ತೆ" ಎಂದರು.

ದಿಣ್ಣೆಯ ಮೇಲೆ ಅದೊಂದೇ ಮರ. ದೊಡ್ಡ ಮರ. ಬೋರೇಗೌಡನಿಗೆ ಮೈ ಉರಿಯಿತು.

"ಅದೆಂಗಾಯ್ತದೆ? ನಮ್ಮಪ್ಪನ ಕಾಲದಿಂದ ಮರ ಕೊಪ್ಪಲಿನ್ದು! ನಮ್ ದನ ಆ ನೆಳ್ಳಲ್ಲೇ ಮನಗಾದು!"

"ದನ ಮನಗಿದ್ ಕಡೆಯೆಲ್ಲಾ ನಿಮ್ದೇ ಆದ್ರೆ, ನಿಮ್ ದನ ನಮ್ ಹುರುಳಿ ಹೊಲದಲ್ಲೂ ಮನಗದೆ. ಅದೂ ಬರ್ಕೊಡ್ಲಾ?" ಎಂದೆ ನಾನು.

"ಅಕ್ಕಾ, ನೀನು ತವರ ಬಗ್ಗೆ ಇಂಗೆ ಮಾತಾಡ್ತಿಯಲ್ಲ!"

"ಮೇಡಂ ಫೋನೇ ಯೋಳ್ತಾ ಅದೆ, ನಾನಲ್ಲ. ಮರ ನಮ್ದು!"

ನಮ್ಮೂರಿನ ಹತ್ತೂ ಜನ "ನಮ್ದು!" ಎಂದರು. ಅವರ ಎಂಟು ಜನ "ನಮ್ದು!" ಎಂದರು. ಪುಸ್ತಕದಲ್ಲಿ ಚೈತ್ರ ಓದಿದ್ದೆಲ್ಲ ಕಣ್ಣೆದುರಿಗೇ ನಡೆಯುತ್ತಿತ್ತು. ಮೇಡಂ ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು.

ಆಗ ಬೋರೇಗೌಡ ಸೊಂಟದ ಮೇಲೆ ಕೈಯಿಟ್ಟು ಕೇಳಿದ: "ಸರಿ ಕಣಕ್ಕ. ಮರ ನಿಮ್ದು. ಅಂಗಾರೆ ಪ್ರತಿ ವರ್ಸ ನಿಮ್ಮೂರೋರು ಮಾರಿನ ಎಲ್ಲಿ ತಂದು ಬುಡ್ತಿದ್ರಿ?"

ನಮ್ಮೂರಿನ ಹತ್ತೂ ಜನ ಮರದಿಂದ ಒಂದೊಂದು ಹೆಜ್ಜೆ ಹಿಂದೆ ಸರಿದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಊರಿಗೆ ರೋಗರುಜಿನ ಬರಬಾರದೆಂದು ವರ್ಷಕ್ಕೊಮ್ಮೆ ಮಾರಿಗೆ ಪೂಜೆ ಮಾಡಿ, ಊರಿನ ಗಡಿ ದಾಟಿಸಿ ಕಳಿಸುತ್ತೇವೆ. ಹಳೇ ಮೊರ, ಮೊಂಡು ಪೊರಕೆ, ಒಡಕು ಮಡಕೆ ತೆಗೆದುಕೊಂಡು ಗಂಡಸರು ಮಾತ್ರ ಹೋಗಿ, ಗಡಿಯ ಆಚೆ ಇಟ್ಟು ಬರುತ್ತಾರೆ. ಇಟ್ಟವರು ಹಿಂದೆ ತಿರುಗಿ ನೋಡಬಾರದು. ಇವರು ಮುಂದೆಯೂ ನೋಡಿಲ್ಲ ಎಂದು ಆವತ್ತು ಗೊತ್ತಾಯಿತು. ಕಲ್ಲು ಇಲ್ಲವಾದ ಮೇಲೆ ಗುರುತಿಗೆ ಉಳಿದದ್ದು ಆ ಮರ. ಅಷ್ಟೂ ವರ್ಷ ಮಾರಿಯನ್ನು ಬಿಟ್ಟು ಬಂದದ್ದು ಹೊಂಗೆ ಮರದ ಬುಡದಲ್ಲಿ. ಮರ ನಮ್ಮದಾದರೆ, ಮಾರಿ ಊರು ಬಿಟ್ಟು ಹೋಗೇ ಇಲ್ಲ! ನಾವೇ ವರ್ಷ ವರ್ಷ ಒಂದೊಂದು ಮಾರಿಯನ್ನು ನಮ್ಮ ನೆಲದಲ್ಲೇ ಕೂಡಿಸಿ ಇಟ್ಟಿದ್ದೇವೆ!

ನಮ್ಮೂರಿನ ಚನ್ನೇಗೌಡರು ಮೊದಲು ಬಾಯಿ ಬಿಟ್ಟರು. "ಮರ ನಮ್ದಲ್ಲ ಕಣಪ್ಪ. ನಿಮ್ದೇ. ಮೊದಲಿಂದಲೂ ನಿಮ್ದೇ."

"ಆಗ್ಲೆ ನಿಮ್ದು ಅಂದ್ರಲ್ಲ!" ಎಂದ ಬೋರೇಗೌಡ.

"ನಿಮ್ ದನ ಮನಗದಲ್ಲ, ನೀವೇ ಮಡಿಕಳಿ!"

"ನಮಗ್ಯಾಕ್ ಬೇಕು ಮಾರಿ ಇರೋ ಮರ? ಓದ್ ವರ್ಸ ನಮ್ಮೂರ ಕೋಳಿಯೆಲ್ಲಾ ತೂಕಡಿಸಿ ತೂಕಡಿಸಿ ಸತ್ವಲ್ಲ, ಈಗ ಗೊತ್ತಾಯ್ತು ಯಾಕೆ ಅಂತ! ಮೇಡಂ, ನಿಮ್ಮ ಫೋನ್ ಸರಿಯಾಗೇ ಯೋಳ್ತದೆ. ಮರ ಅವರ್ದು. ಬರ್ಕೊಳಿ!"

ಐದು ನಿಮಿಷದ ಹಿಂದೆ ಮರ ನಮ್ಮದು ನಮ್ಮದು ಎಂದು ಕಿತ್ತಾಡಿದ ಎರಡು ಊರು ಈಗ ನಿಮ್ಮದು ನಿಮ್ಮದು ಎಂದು ಕಿತ್ತಾಡತೊಡಗಿದವು. ಮೇಡಂ ಬರೆದದ್ದನ್ನು ಹೊಡೆದು ಹಾಕಿ ಮತ್ತೆ ಬರೆದರು. ಚೈತ್ರ ಒಂದು ಗುಂಡಿಯ ಪಕ್ಕದಲ್ಲಿ ತಲೆಗೆ ಕೈಯಿಟ್ಟು ಕೂತಿದ್ದಳು. ಅವಳ ಮೈಸೂರಿನ ಬಸ್ಸು ಅವಳ ಕಣ್ಣೆದುರಿಗೇ ಹೊರಡುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಇಷ್ಟಕ್ಕೆಲ್ಲ ಕಾರಣ ಆ ಕಲ್ಲು ಕಿತ್ತ ಕಳ್ಳ ತಾನೇ? ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡೆ. ಮಣ್ಣು ತೂರಿ ಶಾಪ ಹಾಕುವುದು ನಮ್ಮ ಕಡೆ ಕೊನೇ ಅಸ್ತ್ರ. ಕೋರ್ಟಿಗಿಂತ ಬೇಗ.

"ಲೇ, ಬ್ಯಾಡ!" ಎಂದು ಯಜಮಾನರು ಕೂಗಿದರು. ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನ್ನ ಮೇಲಿನ ಮಮತೆ ಎಂದುಕೊಂಡೆ.

"ನೀವು ಸುಮ್ಕಿರಿ!" ಎಂದವಳೇ ಮಣ್ಣು ತೂರಿದೆ. "ಈ ಕಲ್ಲು ಕಿತ್ತೋರ ಸೊಂಟ ಹಿಡೀಲಿ! ಕಿತ್ತೋರ್ದು, ಕೀಳ್ಸಿದೋರ್ದು, ಕಂಡೂ ಸುಮ್ಕಿದ್ದೋರ್ದು, ಎಲ್ಲಾರ ಮಾನಾನೂ ಊರ್ ಮುಂದೆ ಅರಾಜಾಗ್ಲಿ!"

ಯಾರೂ ತಪ್ಪಿಸಿಕೊಳ್ಳದ ಹಾಗೆ ಯೋಚಿಸಿ ಹಾಕಿದ ಶಾಪ. ಗಾಳಿ ಕೊಪ್ಪಲಿನ ಕಡೆಯಿಂದ ಬೀಸುತ್ತಿತ್ತು. ತೂರಿದ ಮಣ್ಣು ತಿರುಗಿ ಬಂದು ನನ್ನ ಬಾಯಿಗೇ ಬಿತ್ತು. ಆಗಲಾದರೂ ನನಗೆ ತಿಳಿಯಬೇಕಿತ್ತು.

ನಾನು ಥೂ ಥೂ ಎಂದು ಉಗಿಯುತ್ತಿದ್ದೆ. ಮದುವೆಯಾದ ಮೇಲೆ ಮೊದಲ ಸಲ ನನ್ನ ಬಾಯಿ ಬೇರೆ ಕೆಲಸದಲ್ಲಿತ್ತು. ಯಜಮಾನರಿಗೆ ಸಂದು ಸಿಕ್ಕಿತು.

"ಎಲ್ಲಾ ಮನೆಗೆ ನಡೀರಿ" ಎಂದರು. "ಕಲ್ಲು ಹಿತ್ಲಲ್ಲಿ ಅದೆ."

"ಯಾರ ಹಿತ್ಲು ಭಾವ?" ಎಂದ ಬೋರೇಗೌಡ.

"ನಮ್ದು. ಇವಳು ಬಟ್ಟೆ ಒಗೀತಾಳಲ್ಲ, ಅದೇ."

ಹತ್ತೂ ಎಂಟೂ ಹದಿನೆಂಟು ಜನ, ಬೋರೇಗೌಡ, ಮೇಡಂ, ಚೈತ್ರ, ಯಜಮಾನರು, ಎಲ್ಲರೂ ಮೆರವಣಿಗೆ ಹೊರಟರು. ಮದುವೆಯ ದಿನ ಆ ದಿಣ್ಣೆಯಿಂದ ಈ ಮನೆಗೆ ಬಂದಾಗ ನಾನು ಮುಂದಿದ್ದೆ. ಆವತ್ತು ಎಲ್ಲರಿಗಿಂತ ಹಿಂದಿದ್ದೆ. ಚೈತ್ರ ಫೋನಿನಲ್ಲಿ ದೂರ ಅಳೆಯುತ್ತಾ ಬಂದಳು. ಮುಕ್ಕಾಲು ಕಿಲೋಮೀಟರು.

ಹಿತ್ತಿಲಿಗೆ ಹೋದೆವು. ಕಲ್ಲಿನ ಮೇಲೆ ಬೆಳಗ್ಗೆ ನಾನೇ ಬಿಟ್ಟಿದ್ದ ಸೋಪಿನ ಚೂರು, ಒಂದು ಒದ್ದೆ ಟವೆಲು. ಟವೆಲು ತೆಗೆದು ನಾಲ್ಕು ಜನ ಹಾರೆ ಕೊಟ್ಟು ಮೀಟಿದರು. ಕಲ್ಲು ಏಳಲಿಲ್ಲ. "ನಾನೇ ಕಿತ್ತಿದ್ದು, ನಂಗೊತ್ತು ಇದರ ಮಟ್ಟು" ಎಂದು ಯಜಮಾನರು ಹಾರೆಗೆ ಕೈ ಹಾಕಿದರು. ಕಲ್ಲು ಮಗುಚಿತು. ಜೊತೆಗೇ "ಅಯ್ಯಪ್ಪಾ!" ಎಂಬ ಶಬ್ದ ಬಂತು. ಯಜಮಾನರ ಸೊಂಟ ಹಿಡಿದುಕೊಂಡಿತು.

ನನ್ನ ಶಾಪಕ್ಕೆ ಇಷ್ಟು ಶಕ್ತಿಯಿದೆಯೆಂದು ನನಗೆ ಗೊತ್ತಿರಲಿಲ್ಲ! ಅರ್ಧ ಗಂಟೆಯೂ ಆಗಿರಲಿಲ್ಲ!

ಅವರನ್ನು ಎತ್ತಿ ಜಗಲಿಗೆ ಸಾಗಿಸಿದ ಮೇಲೆ ಕಲ್ಲಿನ ಕಡೆ ನೋಡಿದರೆ, ಸೂರ್ಯ, ಚಂದ್ರ. ನಾನು ಒಗೆದದ್ದು ಬೆನ್ನಿನ ಮೇಲಾದ್ದರಿಂದ ಮುಖ ಒಂದಿಷ್ಟೂ ಸವೆದಿರಲಿಲ್ಲ. ಮದುವೆಯ ದಿನ ನೋಡಿದ ಹಾಗೆಯೇ ಇತ್ತು. ಚಂದ್ರನ ಮೇಲೆ ಒಂದು ಕಪ್ಪೆ ಕೂತಿತ್ತು, ಅಷ್ಟೇ ಹೊಸದು.

"ಮೂರ್ ದಿನ ಪಂಚೆ ಒಗೀಲಿಲ್ಲ ಮೇಡಂ ಇವಳು" ಎಂದು ಯಜಮಾನರು ಜಗಲಿಯಿಂದಲೇ ಹೇಳಿಕೆ ಕೊಡತೊಡಗಿದರು. "ಹೊಸದಾಗಿ ಮದುವೆ ಆಗಿತ್ತು. ನಂಗೂ ಬೇರೆ ದಾರಿ ಇರ್ಲಿಲ್ಲ. ನೆಟ್ಟಗಿರೋ ಕಲ್ಲು ಅಂದ್ರೆ ಸುತ್ತಮುತ್ತ ಅದೊಂದೇ ಇದ್ದದ್ದು. ಯೋಳ್ಬೇಕು ಅಂತ ಈ ವಾರದಿಂದ ಬಾಯಿ ತೆಗೀತಾನೇ ಇವ್ನಿ."

ಬೋರೇಗೌಡ ಬಚ್ಚಲ ಕಟ್ಟೆಯ ಮೇಲೆ ಕೂತು ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ. "ಅಕ್ಕಾ, ಕಲ್ಲಿರೋ ಜಾಗದಗಂಟ ನಮ್ ತಾಲ್ಲೂಕು ಅಲ್ವಾ? ಅಂಗಾರೆ ನೀನು ಇನ್ನೂ ಗಂಡನ ಮನೆಗೇ ಓಗಿಲ್ಲ ಕಣಕ್ಕ! ಇಷ್ಟು ವರ್ಸವೂ ತವರಲ್ಲೇ ಇದ್ದೀಯ!"

ಎರಡೂ ಊರಿನವರು ನಕ್ಕರು. ಅದೊಂದು ವಿಷಯದಲ್ಲಿ ಅವರಿಗೆ ಗಡಿಯ ತಕರಾರು ಇರಲಿಲ್ಲ. ನಗುತ್ತಲೇ ಮಾತಾಡಿಕೊಂಡು, ಆವತ್ತೇ ಟ್ರ್ಯಾಕ್ಟರಿನಲ್ಲಿ ಕಲ್ಲು ಸಾಗಿಸಿ ಮೊದಲಿದ್ದ ಕಡೆಯೇ ನೆಡುವುದೆಂದು ತೀರ್ಮಾನಿಸಿದರು. ಮೊದಲು ಇದ್ದದ್ದು ಎಲ್ಲಿ ಎಂದು ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.

ಮೇಡಂ ಕಾಫಿ ಕುಡಿದು ಚೈತ್ರನಿಗೆ ಹೇಳಿದರು: "ಈ ಹದಿನಾಲ್ಕು ಪುಟ ಹಾಕೋಕಾಗಲ್ಲ. ಕಲ್ಲು ಅಲ್ಲೇ ಇದೆ ಅಂತ ಬರೆದಿದ್ದೀಯ. ಆದ್ರೆ ಗಡಿ ಹೇಗೆ ಸರಿಯುತ್ತೆ, ಜನ ಅದನ್ನ ಯಾವಾಗ ಬೇಕು ಅಂತಾರೆ, ಯಾವಾಗ ಬೇಡ ಅಂತಾರೆ, ಅದನ್ನ ಬರಿ. ಇಂಥದ್ದು ನಂಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಒಂದೇ ಷರತ್ತು. ಕಲ್ಲು ಯಾಕೆ ಹೋಯ್ತು ಅಂತ ಗೊತ್ತಿರೋರ ಹೇಳಿಕೆ ಬೇಕು. ಅವರ ಕೈಬರಹದಲ್ಲಿ, ಸಹಿ ಸಮೇತ. ನಾಳೆ ತಂದುಕೊಡು."

"ತಾತನ ಕೈಲಿ ಬರೆಸ್ತೀನಿ ಮೇಡಂ."

"ತಾತ ಹೆಬ್ಬೆಟ್ಟಲ್ವಾ?" ಎಂದರು ಯಜಮಾನರು ತಮ್ಮ ಬಗ್ಗೆ ತಾವೇ. ಅಲ್ಲಿಗೆ ಎಲ್ಲರೂ ನನ್ನ ಕಡೆ ತಿರುಗಿದರು. ಮನೆಯ ಹಿರಿಯರಲ್ಲಿ ನಾಲ್ಕನೇ ಕ್ಲಾಸು ಓದಿದವಳು ನಾನೊಬ್ಬಳೇ. ಆ ಹೆಮ್ಮೆಯೂ ಇತ್ತು ನನಗೆ!

ಸಾಯಂಕಾಲ ಚೈತ್ರ ಬಿಳಿ ಹಾಳೆ ತಂದು ಮುಂದಿಟ್ಟಳು.

"ಬರಿಯಾಕಿಲ್ಲ" ಎಂದೆ. "ನಾನು ಕಳ್ಳಿ ಅಂತ ನಾನೇ ಬರ್ದು ಸೈನ್ ಆಕಿ ಕಾಲೇಜಿಗೆ ಕಳಿಸ್ಲಾ?"

"ಕಳ್ಳಿ ಅಂತ ಯಾರಂದ್ರು ಅಜ್ಜಿ? ಕೀಳಿಸಿದವಳು ಅಂತ."

"ಎರಡೂ ಒಂದೇ ಕಣೆ. ಶಾಪದಲ್ಲಿ ನಾನೇ ಸೇರಿಸಿವ್ನಿ."

ಅವಳು ಹದಿನಾಲ್ಕು ಪುಟವನ್ನು ಮಡಚಿ ಬ್ಯಾಗಿನ ತಳಕ್ಕೆ ಹಾಕಿ, ನನ್ನ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯತೊಡಗಿದಳು. ಓದಲಿಲ್ಲ. ಸಾಯಂಕಾಲ ಹೊತ್ತು ಅವಳು ಓದದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರೆಕಾಯಿ ಸುಲಿಯುವುದರಲ್ಲಿ ಅವಳ ಕೈ ನನ್ನ ಕೈಗಿಂತ ಚುರುಕು. ಅದು ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಮರುದಿನ ಬೆಳಗ್ಗೆ ಎದ್ದು ಮೊದಲು ಯಜಮಾನರ ಸೊಂಟಕ್ಕೆ ಎಣ್ಣೆ ಹಚ್ಚಿ ತಿಕ್ಕಿದೆ. ಅವರು ಏನೋ ಹೇಳಲು ಬಾಯಿ ತೆಗೆದರು. ನಾನು "ಯೋಳಿ" ಎಂದೆ. ಗಾ‍ಬರಿಯಿಂದ ಹೇಳಬೇಕಾದ್ದನ್ನೇ ಮರೆತರು. ಆಮೇಲೆ ಚೈತ್ರನ ಬಸ್ಸು ಬರುವ ಮೊದಲು ಆ ಬಿಳಿ ಹಾಳೆ ತೆಗೆದುಕೊಂಡು ಕೂತು ಬರೆದೆ: 'ಗಡಿ ಕಲ್ಲನ್ನು ಕಿತ್ತವರು ನಮ್ಮ ಯಜಮಾನರು. ಕೀಳಿಸಿದವಳು ನಾನು. ಕಾರಣ, ಪಂಚೆ.' ಅದಕ್ಕಿಂತ ಹೆಚ್ಚು ಬರೆಯಲು ಏನೂ ಇರಲಿಲ್ಲ. ಸಹಿ ಹಾಕಿದೆ. ಚೈತ್ರ ಹಾಳೆಯನ್ನು ಎರಡು ಸಲ ಓದಿ, ಬ್ಯಾಗಿನ ತಳಕ್ಕಲ್ಲ, ಪುಸ್ತಕದ ಒಳಗಿಟ್ಟುಕೊಂಡು ಬಸ್ಸಿಗೆ ಓಡಿದಳು.

ಹಿತ್ತಿಲಿಗೆ ಹೋದೆ. ಕಲ್ಲಿದ್ದ ಜಾಗದಲ್ಲಿ ಆಳುದ್ದದ ಒಂದು ಗುಳಿ. ಕಪ್ಪೆಯೂ ಇರಲಿಲ್ಲ. ಬಕೆಟ್ಟಿನ ತುಂಬ ಬಟ್ಟೆ. ಒಳಗೆ ಬಂದು ವಾಷಿಂಗ್ ಮಿಷನ್ನಿನ ಮುಚ್ಚಳ ತೆಗೆದು, ಹದಿನೈದು ಕೆಜಿ ಈರುಳ್ಳಿ ಹೊರಗೆ ಸುರಿದು, ಬಟ್ಟೆ ತುಂಬಿಸಿ, ಸೊಸೆಯನ್ನು ಕರೆದು, ಯಾವ ಗುಂಡಿ ಒತ್ತಬೇಕೆಂದು ಕೇಳಿದೆ. ಅವಳು ನಗಲಿಲ್ಲ. ನಗದಿರಲು ಅವಳು ಪಟ್ಟ ಪಾಡನ್ನು ನಾನು ನೋಡಿದೆ. ಮುಕ್ಕಾಲು ಗಂಟೆ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಗಾಜಿನ ಒಳಗೆ ಯಜಮಾನರ ಪಂಚೆ ಸುತ್ತುವುದನ್ನೇ ನೋಡಿದೆ.

ಹೊರಗೆ ಬಂದ ಪಂಚೆಗೆ ಈರುಳ್ಳಿ ವಾಸನೆಯಿತ್ತು. ಆದರೆ ನಲವತ್ತೆರಡು ವರ್ಷದಲ್ಲಿ ಅದು ಅಷ್ಟು ಬೆಳ್ಳಗಾದದ್ದನ್ನು ನಾನು ನೋಡಿರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಿಲ್ಲ.